ಕುಬೇರಪ್ಪ ಸರ್ ಉಳಿಸಿಹೋದ ಉತ್ತರ

ದಾವಣಗೆರೆಯ ಕಾಲೇಜೊಂದರಲ್ಲಿ ಖೈರುನ್ನೀಸಾ ಎಂ.ಎಸ್ಸಿ. ಗಣಿತದವರಿಗೆ ಮಾಡೆಲ್ ಥಿಯರಿ ಎಂಬ ತರ್ಕದ ಪಾಠ ಶುರುಮಾಡಿ ಎರಡು ವಾರವಾಗಿತ್ತು. ಬೋರ್ಡಿನ ಮೇಲೆ ಎರಡು ವೃತ್ತ ಬರೆದಿದ್ದಳು. ದೊಡ್ಡದರಲ್ಲಿ ಎಲ್ಲ ಸಂಕೀರ್ಣ ಸಂಖ್ಯೆಗಳು; ಚಿಕ್ಕದರಲ್ಲಿ ಪೂರ್ಣಾಂಕ ಗುಣಾಂಕಗಳ ಬಹುಪದ ಸಮೀಕರಣ ಬಿಡಿಸಿದರೆ ಸಿಗುವಂಥವು ಮಾತ್ರ.

"ಕೂಡಿಸೋದು, ಗುಣಿಸೋದು, ಇವೆರಡರ ಭಾಷೆಯಲ್ಲಿ ಹೇಳಿದ ಯಾವ ಮಾತು ಅಲ್ಲಿ ನಿಜವೋ ಅದು ಇಲ್ಲೂ ನಿಜ," ಎಂದಳು.

ಮುಂದಿನ ಬೆಂಚಿನ ಸುಮಾ ಕೈ ಎತ್ತಿದಳು. "ಮೇಡಂ, ಚಿಕ್ಕದ್ರಾಗ ಪೈ ಇಲ್ಲ. ಮತ್ತೆ ಎರಡಕ್ಕೂ ಒಂದೇ ಮಾತು ಹೆಂಗೆ?"

ಹದಿನಾಲ್ಕು ವರ್ಷದ ಹಿಂದೆ ಇದೇ ಕೋಣೆಯಲ್ಲಿ ವಿದ್ಯಾರ್ಥಿನಿಯಾಗಿ ಖೈರುನ್ನೀಸಾ ಇದನ್ನೇ ಕುಬೇರಪ್ಪ ಸರ್‌ಗೆ ಕೇಳಿದ್ದಳು. ಅವರಿಗೆ ಉಗ್ಗು. "ಗುಣಿಸೋದು" ಎನ್ನಲು ಹೋಗಿ "ಗು... ಗು..." ಎಂದು ನಿಂತಾಗ ಮೊದಲು ನಕ್ಕವಳೂ ಅವಳೇ. ಕ್ಲಾಸೆಲ್ಲ ನಕ್ಕಿತು. ಅವರು ಡಸ್ಟರ್ ಕೆಳಗಿಟ್ಟು ಹೊರಟರು. ಆ ತಿಂಗಳೇ ಸ್ವಯಂನಿವೃತ್ತಿ ಪಡೆದರು.

ಈಗ ಉತ್ತರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ತೆರೆದಳು. "ಗು..." ಎಂದಷ್ಟೇ ಬಂತು.

ಮಧ್ಯಾಹ್ನವೇ ಸರ್ ಮನೆಯಿದ್ದ ಹರಿಹರದ ಬಸ್ ಹತ್ತಿದಳು. ಬಾಗಿಲು ತೆರೆದದ್ದು ಸರ್ ಹೆಂಡತಿ ಉಡಚಮ್ಮ. "ಅವ್ರು ಹೋಗಿ ವರ್ಷ ಆತು. ಬರ್ರಿ, ಕೂಡ್ರಿ."

ಖೈರುನ್ನೀಸಾ ಎಲ್ಲ ಹೇಳಿದಳು, ನಕ್ಕದ್ದನ್ನೂ. ಉಡಚಮ್ಮ ಅವಳ ಎದುರಿಗೆ ಬಂದು ಕೂತರು.

"ನೀನೇ ಏನವ್ವ ಆ ಹುಡುಗಿ. ದಿನಾ ಮುಂಜಾನೆ ಖಾಲಿ ಕುರ್ಚಿ ಮುಂದ ನಿಂತು ನಿನಗ ಉತ್ತರ ಹೇಳ್ತಿದ್ರು. ನಾನು ಸಾಲಿ ಕಲ್ತೋಳಲ್ಲ. ಕೇಳಿ ಕೇಳಿ ಬಾಯಿಗೆ ಬಂದೈತೆ."

ಎದ್ದು ನಿಂತರು. ದನಿ ತಗ್ಗಿ ದಪ್ಪಗಾಯಿತು.

"ಪೈ ಇಲ್ಲ ಅಂದದ್ದು ಖರೆ, ಖೈರುನ್ನೀಸಾ."

ತನ್ನ ಹೆಸರನ್ನು ಅವಳು ಹೇಳಿರಲಿಲ್ಲ.

"ಆದ್ರೆ ಕೂಡಿಸೋದು, ಗು... ಗು... ಗುಣಿಸೋದು, ಇಷ್ಟೇ ಮಾತಿನಾಗ ಪೈನ ಬೆರಳಿಟ್ಟು ತೋರ್ಸಾಕ ಆಗಲ್ಲ. ದೊಡ್ಡ ಮನ್ಯಾಗ ಇಂಥದೊಂದು ಸಂಖ್ಯೆ ಐತೆ ಅಂತ ಹೇಳಿದ್ರೆ, ಸಣ್ಣ ಮನ್ಯಾಗೂ ಅಂಥದ್ದೊಂದು ಸಿಕ್ಕೇ ಸಿಗ್ತೈತೆ. ಹಂಗಾಗಿ ಪೈ ಮನೆ ಬಿಟ್ಟು ಹೋದ್ರೂ ಮಾತು ಯಾವುದೂ ಸುಳ್ಳಾಗಲ್ಲ."

ಖೈರುನ್ನೀಸಾ ಕುರ್ಚಿಯ ಕೈಯನ್ನು ಮುಟ್ಟಿ ನೋಡಿದಳು. ತಾನು ಕೂತದ್ದು ಯಾವ ಕುರ್ಚಿಯೆಂದು ಆಗ ಹೊಳೆಯಿತು.

"ಮುಗೀತೇನ್ರಿ?" ಎಂದಳು.

"ಇಲ್ಲವ್ವ," ಉಡಚಮ್ಮ ತಮ್ಮದೇ ದನಿಯಲ್ಲಿ ಹೇಳಿದರು. "ಇಷ್ಟಕ್ಕೇ ಸಾಬೀತಾಗಲ್ಲ, ಸಾಬೀತು ಉದ್ದ ಐತೆ ಅಂತಿದ್ರು. ಅದೂ ಬಾಯಿಗೆ ಬರ್ತೈತೆ."

ಮರುದಿನ ಸುಮಾಗೆ ಉತ್ತರ ಸಿಕ್ಕಿತು, ಅದು ಯಾರ ಉತ್ತರವೆಂಬುದೂ ತಿಳಿಯಿತು. ಭಾನುವಾರ ಖೈರುನ್ನೀಸಾ ಸಾಬೀತು ಬರೆದುಕೊಳ್ಳಲು ನೋಟ್‌ಬುಕ್ ಹಿಡಿದು ಮತ್ತೆ ಹರಿಹರಕ್ಕೆ ಹೋದಳು.