ಪ್ರೊ. ಗಾದಿಲಿಂಗಪ್ಪ

ಕೊಟ್ಟೂರಿನ ಹುಲುಗೇಶ ಗುಂಪು ಫೋಟೋದೊಳಗಿಂದ ಒಬ್ಬನನ್ನು ಹೊರಗೆ ಕರೆದನೆಂದರೆ, ಫೋಟೋದಲ್ಲಿದ್ದ ಉಳಿದವರು ತಾವೇ ಸರಿದು ದಾರಿ ಬಿಡುತ್ತಿದ್ದರು. ಕೆಲವರು ಕಾಲಿಗೆ ಅಡ್ಡವಾದ ಚಪ್ಪಲಿಯನ್ನೂ ಪಕ್ಕಕ್ಕೆ ಸರಿಸುತ್ತಿದ್ದರು. ಕೂಡ್ಲಿಗಿಯಿಂದ ಹಡಗಲಿಯವರೆಗೆ ಫ್ಲೆಕ್ಸುಗಳ ಮೇಲೆ ಕೈಮುಗಿದು ನಿಂತ ಮುಖಗಳೆಲ್ಲ ಅವನ ಬೆರಳ ತುದಿಯಿಂದ ಎದ್ದು ಬಂದವು. ಒಂದು ಕೂದಲೂ ಹಿಂದೆ ಉಳಿಯುತ್ತಿರಲಿಲ್ಲ. ಬೋಳುತಲೆಯವರಿಗಂತೂ ಒಂದೆರಡು ಕೂದಲು ಹೆಚ್ಚೇ ಬರುತ್ತಿದ್ದವು. ಇದನ್ನೆಲ್ಲ ಊರಿಗೆ ಹೇಳಿದವನು ಹುಲುಗೇಶನೇ.

ಬಸ್ ನಿಲ್ದಾಣದ ಎದುರಿನ ಅವನ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿಗೊಂದು ಬಟ್ಟೆಯ ಪರದೆ ಕಟ್ಟಿತ್ತು. “ಯಾರೂ ಉಸಿರು ಬಿಡಬ್ಯಾಡ್ರಿ, ಕೈ ನಡುಗತೈತಿ” ಎಂದು ಗಿರಾಕಿಗಳನ್ನು ಗದರಿಸಿ ಪರದೆಯ ಹಿಂದೆ ಹೋಗುತ್ತಿದ್ದ. ಅಲ್ಲಿ ಅವನು ಮಾಡುತ್ತಿದ್ದುದಿಷ್ಟು: ಒಂದು ವೆಬ್‌ಸೈಟು ತೆರೆದು, ಫೋಟೋ ಹಾಕಿ, ‘ಹಿನ್ನೆಲೆ ತೆಗೆಯಿರಿ’ ಎಂಬ ಗುಂಡಿ ಒತ್ತುವುದು. ಪುಕ್ಕಟೆ ಗುಂಡಿ. ಎವೆ ಮುಚ್ಚಿ ತೆರೆಯುವುದರೊಳಗೆ ಮನುಷ್ಯ ಒಂಟಿಯಾಗಿ ನಿಂತಿರುತ್ತಿದ್ದ. ಹುಲುಗೇಶ ಆರಾಮಾಗಿ ಚಹಾ ಕುಡಿದು, ಹಣೆಗೆ ನೀರು ಚಿಮುಕಿಸಿಕೊಂಡು, ಆ ನೀರನ್ನು ಬೆವರಿನಂತೆ ಒರೆಸುತ್ತ ಹೊರಗೆ ಬರುತ್ತಿದ್ದ.

ಒಂದು ದಿನ ಬೆಳಗಿನ ಬಸ್ಸಿಗೆ ಹರಪನಹಳ್ಳಿಯಿಂದ ಪಕ್ಕೀರಮ್ಮ ಬಂದಳು. ಜೊತೆಗೆ ಮಗಳು ಶಿವಗಂಗಾ, ಬ್ಯಾಂಕಿನಲ್ಲಿ ಕೆಲಸದವಳು. ಪಕ್ಕೀರಮ್ಮನ ಗಂಡ ಗಾದಿಲಿಂಗಪ್ಪ ಮೆಕ್ಕೆಜೋಳದ ಮಾರುಕಟ್ಟೆಯಲ್ಲಿ ಜೀವಮಾನವೆಲ್ಲ ಚೀಲ ಹೊತ್ತ ಹಮಾಲ. ತೀರಿಕೊಂಡಿದ್ದ. ಮರುದಿನ ನುಡಿನಮನ. ಆಧಾರ್ ಕಾರ್ಡಿನಲ್ಲಿದ್ದವನನ್ನು ಹೆಂಡತಿಯೇ ಗುರುತು ಹಿಡಿಯುತ್ತಿರಲಿಲ್ಲ. ಮಗಳು ಮೊಬೈಲ್ ಎತ್ತಿದರೆ ಅವನು ಮುಖ ತಿರುಗಿಸುತ್ತಿದ್ದ. ನಗುನಗುತ್ತ ನಿಂತದ್ದು ಅವರು ತಂದಿದ್ದ ಇದೊಂದೇ ಫೋಟೋದಲ್ಲಿ, ಹಮಾಲರ ದೊಡ್ಡ ಗುಂಪಿನ ನಡುವೆ.

“ಇವರೆಲ್ಲ ಕಲ್ಲುಗುಂಡಿನಂಗ ಅದಾರ ತಮ್ಮಾ,” ಎಂದಳು ಪಕ್ಕೀರಮ್ಮ, ಸುತ್ತಲಿದ್ದವರ ಮೇಲೆ ಬೆರಳಾಡಿಸುತ್ತ. “ಬದುಕಿರೋರ ಫೋಟೋಕ್ಕ ಹಾರ ಹಾಕಿದ್ರ ಇವರ ಹೆಂಡ್ರು ನನ್ನ ಸುಮ್ನ ಬಿಡ್ತಾರೇನು? ಇವನೊಬ್ಬನ್ನ ಈಚಿ ತಗದು ಕೊಡಪ್ಪಾ. ಎದಿ ಮ್ಯಾಲಿನ ಬಿಲ್ಲಿ ಕಾಣಬೇಕು.”

ಬಿಲ್ಲೆಯೆಂದರೆ ಹಮಾಲರು ಅಂಗಿಗೆ ಸಿಕ್ಕಿಸಿಕೊಳ್ಳುವ ಹಿತ್ತಾಳೆಯ ಗುರುತು. ಗಾದಿಲಿಂಗಪ್ಪ ಅದನ್ನು ಬೀಗರ ಮನೆಗೂ ಹಾಕಿಕೊಂಡು ಹೋಗುತ್ತಿದ್ದ. ಈಗ ಅದು ಅವನ ಜೊತೆಗೇ ಮಣ್ಣಿಗೆ ಹೋಗಿತ್ತು.

“ಬಿಲ್ಲಿ ಕಾಣಾದೇನು ಯವ್ವಾ, ಅದರಾಗ ಮುಖ ನೋಡ್ಕಂಡು ತಲಿ ಬಾಚಬಹುದು, ಹಂಗ ತಗದು ಕೊಡ್ತೀನಿ!” ಎಂದ ಹುಲುಗೇಶ.

ಶಿವಗಂಗಾ ಅವನನ್ನೇ ನೋಡುತ್ತಿದ್ದಳು. “ಖರೇನೂ ಆಗತೈತೇನ್ರಿ? ನಮ್ಮೂರಾಗ ಆಗಲ್ಲ ಅಂದಾರ. ನಿಮ್ಮ ಕೈಲೂ ಆಗದಿದ್ರ ಈಗಾ ಹೇಳ್ರಿ, ಹೊಸಪೇಟಿಗೆ ಹೋಗ್ತೀವಿ.”

“ಹೊಸಪೇಟಿಯೋರು ನನ್ನ ಹತ್ರ ಕಲಿಯಾಕ ಬರ್ತಾರ್ರಿ. ನಡೀರಿ, ನಾಳಿ ನಾನೇ ತಗಂಡು ಬರ್ತೀನಿ.”

ಅವರ ಬಸ್ಸು ಹೊರಟಿತು. ಹುಲುಗೇಶ ಪರದೆಯ ಹಿಂದೆ ಕೂತು ಗುಂಡಿ ಒತ್ತಿದ. ಗುಂಡಿಯ ತಲೆಯ ಮೇಲೆ ನಿನ್ನೆಯವರೆಗೆ ಇಲ್ಲದ ಒಂದು ಪುಟ್ಟ ಬಂಗಾರದ ಕಿರೀಟ ಕೂತಿತ್ತು. ‘ಈ ಸೌಲಭ್ಯ ಇನ್ನು ಮುಂದೆ ಪ್ರೊ ಸದಸ್ಯರಿಗೆ ಮಾತ್ರ’ ಎಂದು ಅಚ್ಚ ಕನ್ನಡದಲ್ಲೇ ಬರೆದಿತ್ತು. ಗಾದಿಲಿಂಗಪ್ಪನನ್ನು ಒಂಟಿಯಾಗಿ ನಿಲ್ಲಿಸಿಯೇನೋ ತೋರಿಸಿತು, ನಮೂನೆಗೆಂದು. ಆದರೆ ಅವನ ಎದೆಯ ಮೇಲೆ, ಸರಿಯಾಗಿ ಬಿಲ್ಲೆಯಿದ್ದ ಜಾಗದಲ್ಲಿ, ದಪ್ಪ ಬಿಳಿ ಅಕ್ಷರದಲ್ಲಿ ‘ಪ್ರೊ’ ಎಂದು ಠಸ್ಸೆ ಹೊಡೆದಿತ್ತು.

ದುಡ್ಡು ಕಟ್ಟಿ ಪ್ರೊ ಆಗಲು ಹುಲುಗೇಶ ತಯಾರಿದ್ದ. ಆದರೆ ವೆಬ್‌ಸೈಟಿನವರಿಗೆ ಹೊರದೇಶದಲ್ಲೂ ನಡೆಯುವ ಬ್ಯಾಂಕ್ ಕಾರ್ಡು ಬೇಕಂತೆ. ಪಕ್ಕದ ಮೊಬೈಲ್ ಅಂಗಡಿಯ ಗವಿಸಿದ್ದೇಶನ ಬಳಿ ಓಡಿದ.

“ಲೇ ಗವಿಸಿದ್ದ, ಹೊರದೇಶದಾಗ ನಡಿಯೋ ಕಾರ್ಡ್ ಐತೇನಲೇ?”

“ನನ್ನ ಕಾರ್ಡು ಕಾನಹೊಸಹಳ್ಳಿ ದಾಟಿದ್ರ ನಡಿಯಲ್ಲ, ಹೊರದೇಶ ಕೇಳಾಕ ಬಂದಾನ! ಅಲ್ಲಲೇ, ಯಾಕ ಬೇಕು?”

“ಫೋಟೋದಾಗಿಂದ ಮನುಷ್ಯಾರ್ನ ತೆಗಿಯೋ ವೆಬ್‌ಸೈಟಿಗೆ ಕಟ್ಟಬೇಕಿತ್ತು...”

“ನೀನು ಕೈಲೇ ತೆಗಿಯಾಂವ. ನಿನಗ್ಯಾಕಲೇ ವೆಬ್‌ಸೈಟು?”

ಹುಲುಗೇಶ “ಸುಮ್ನ ಕೇಳಿದೆ” ಎಂದು ವಾಪಸು ಬಂದ.

ಕೈಯಲ್ಲೇ ಕತ್ತರಿಸಲು ಕೂತ. ಮೊದಲು ಗಾದಿಲಿಂಗಪ್ಪನ ಕಿವಿ ಹೋಯಿತು. ಅದನ್ನು ಕೂಡಿಸಿದರೆ ಗದ್ದ ಹಾರಿತು. ಪಕ್ಕದವನೊಬ್ಬ ಗೆಳೆತನದಿಂದ ಅವನ ಹೆಗಲ ಮೇಲೆ ಕೈ ಹಾಕಿದ್ದ. ಆ ಕೈ ಅಳಿಸಲು ಹೋದರೆ ಹೆಗಲೇ ಅಳಿಸಿತು. ಬದುಕಿಡೀ ಚೀಲ ಹೊತ್ತವನು ಹೆಗಲಿಲ್ಲದೆ ನಿಂತು ಅವನತ್ತ ನಗುತ್ತಿದ್ದ. ವೆಬ್‌ಸೈಟಿನ ಠಸ್ಸೆಯನ್ನು ತಿಕ್ಕಿ ನೋಡಿದ. ಎದೆಯಲ್ಲಿ ಕೊಡ ಹಿಡಿಯುವಷ್ಟು ತೂತು ಬಿತ್ತು. ಈ ಸಲ ಹಣೆಯ ಮೇಲಿನ ಬೆವರು ನಿಜವಾದದ್ದೇ ಆಗಿತ್ತು. ಹೊಸಪೇಟೆಗೆ ಹೋಗಿ ಎನ್ನಲು ಹೊತ್ತು ಮೀರಿತ್ತು. ಶಿವಗಂಗಾ ಕೊಟ್ಟುಹೋದ ನಂಬರನ್ನು ತೆಗೆದ, ನೋಡಿದ, ಒತ್ತಲಿಲ್ಲ.

ಕೊನೆಗೆ ಠಸ್ಸೆಯಿದ್ದ ನಮೂನೆಯನ್ನೇ ಆಳೆತ್ತರ ಅಚ್ಚು ಹಾಕಿಸಿದ. ಬೆಳಗ್ಗೆ ಹಡಗಲಿ ಮಲ್ಲಿಗೆಯ ಒಂದು ಹಾರ ಕಟ್ಟಿಸಿದ. ಅಂಥ ಹಾರವನ್ನು ಯಾವ ಮಂತ್ರಿಯ ಕೊರಳೂ ಕಂಡಿರಲಿಲ್ಲ. ಬಸ್ಸಿನಲ್ಲಿ ಅದಕ್ಕೇ ಒಂದು ಸೀಟು ಹಿಡಿಯಬೇಕಾಯಿತು. ಹರಪನಹಳ್ಳಿಯ ಸಮುದಾಯ ಭವನದಲ್ಲಿ ಫ್ಲೆಕ್ಸು ನಿಲ್ಲಿಸಿ, ಯಾರೂ ಹತ್ತಿರ ಬರುವ ಮೊದಲೇ ತಾನೇ ಹಾರ ಹಾಕಿದ. ಗದ್ದದಿಂದ ಸೊಂಟದವರೆಗೆ ಮಲ್ಲಿಗೆಯೋ ಮಲ್ಲಿಗೆ. ಮೇಲೆ ಗಾದಿಲಿಂಗಪ್ಪನ ನಗು, ಕೆಳಗೆ ಅವನ ಹೆಸರು.

“ಎಂಥಾ ಕೈ ಐತಿಲೇ ಇವಂದು, ಎದ್ದು ಬಂದು ಮಾತಾಡಿಸಂಗ ಅದಾನ!” ಎಂದರು ಹಮಾಲರು. ಹುಲುಗೇಶ ಬಾಗಿಲ ಕಡೆ ಒಂದೊಂದೇ ಹೆಜ್ಜೆ ಸರಿಯತೊಡಗಿದ.

ಪಕ್ಕೀರಮ್ಮ ಫ್ಲೆಕ್ಸಿನ ಮುಂದೆ ಬಂದು ನಿಂತಳು. ಗಂಡನ ಕೆನ್ನೆ ಸವರಿದಳು. “ಬಿಲ್ಲಿ ಮುಚ್ಚೇತಲ್ಲ” ಎಂದು, ಎರಡೂ ಕೈಯಿಂದ ಹಾರವನ್ನು ಪಕ್ಕಕ್ಕೆ ಸರಿಸಿದಳು.

ಮುಂದಿನ ಸಾಲಿನ ಹಮಾಲನೊಬ್ಬ ಎದೆಯಿಂದ ಹೆಸರಿನವರೆಗೆ ಗಟ್ಟಿಯಾಗಿ ಓದಿದ. “ಪ್ರೊ... ಗಾದಿಲಿಂಗಪ್ಪ. ಅಂದ್ರ ಪ್ರೊಫೆಸರ್ರಾ?”

“ಯಾವ ಕಾಲೇಜಿನಾಗ ಚೀಲ ಹೊತ್ತಿದ್ದಪ್ಪಾ!” ಎಂದು ಹಿಂದಿನಿಂದ ಯಾರೋ ನಕ್ಕರು. ನಗು ಸಾಲಿನಿಂದ ಸಾಲಿಗೆ ಹೋಯಿತು. ಪಕ್ಕೀರಮ್ಮನಿಗೆ ಓದು ಬಾರದು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಅವಳು ಹಾರ ಹಿಡಿದುಕೊಂಡೇ ಸುತ್ತ ನೋಡಿದಳು.

“ಗೌರವಕ್ಕ ಹಾಕೀನ್ರಿ!” ಎಂದ ಹುಲುಗೇಶ ಬಾಗಿಲಿನಿಂದ. “ದೊಡ್ಡ ಮನುಷ್ಯಾರಿಗೆ ಈಗ ಎಲ್ಲಾ ಕಡಿ ಹಿಂಗಾ...”

“ನಮ್ಮಪ್ಪ ಹಮಾಲ,” ಎಂದಳು ಶಿವಗಂಗಾ. “ಅವನಿಗೆ ನಿಮ್ಮ ಪದವಿ ಬ್ಯಾಡ. ಬಿಲ್ಲಿ ಎಲ್ಲೈತಿ ಹೇಳ್ರಿ.”

ನಗು ನಿಂತಿತು. ಹುಲುಗೇಶ ಬಾಗಿಲಿನಿಂದ ಫ್ಲೆಕ್ಸಿನ ಬಳಿಗೆ ವಾಪಸು ಬಂದ.

“ತಮ್ಮಾ,” ಎಂದಳು ಪಕ್ಕೀರಮ್ಮ, ಬಿಳಿ ಅಕ್ಷರವನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತ, “ಬಿಲ್ಲಿ ಇದರ ಅಡಿಯಾಗ ಐತೇನು? ನೀನು ತೆಗಿತಿಯಲ್ಲ, ತಗದು ತೋರಿಸು.”

“ಬರಲ್ಲಬೇ ಯವ್ವಾ,” ಎಂದ ಹುಲುಗೇಶ. “ನನಗ ತೆಗಿಯಾಕ ಬರಲ್ಲ. ಎಂದೂ ಬರ್ತಿದ್ದಿಲ್ಲ. ಒಂದು ವೆಬ್‌ಸೈಟು ಪುಕ್ಕಟೆ ತಗದು ಕೊಡ್ತಿತ್ತು, ನಾನು ಪರದಿ ಹಿಂದ ಚಾ ಕುಡೀತಿದ್ದೆ. ಈಗ ಅವರು ಬೀಗ ಹಾಕ್ಯಾರ. ನಿನ್ನೆ ನೀವು ಹೊಸಪೇಟಿಗೆ ಹೋಗ್ತೀವಿ ಅಂದಾಗ ನಾನು ಬಿಡಬೇಕಾಗಿತ್ತು.”