ಗೇಟಿನೆದುರಿನ ಕಟ್ಟಿಗೆ ತೊಟ್ಟಿಲು

ಬೆಂಗೇರಿ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ ‘ಚಂದ್ರಲೋಕ’ ಪಾರ್ಕಿನಲ್ಲಿ ತೂಗುದೋಣಿಯ ಆಟ ಕೆಟ್ಟು ನಿಂತು ಮೂರು ವರ್ಷವಾಗಿತ್ತು. ಪುಟಾಣಿ ರೈಲಿನ ಎರಡು ಡಬ್ಬಿಗಳು ಹುಲ್ಲಿನಲ್ಲಿ ಮಲಗಿದ್ದವು. ಒಂದರಲ್ಲಿ ನಾಯಿ ಮರಿ ಹಾಕಿತ್ತು. ನೀರಿನ ಜಾರುಬಂಡೆಯಲ್ಲಿ ನೀರು ಬಿಟ್ಟು ಉಳಿದದ್ದೆಲ್ಲ ಇತ್ತು. ಆದರೂ ರವಿವಾರ ಬಂತೆಂದರೆ ಮಾಳಮಡ್ಡಿಯಿಂದ, ಮುಗದದಿಂದ, ಎಲ್ಲೆಲ್ಲಿಂದಲೋ ಜನ ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದರು. ಬರದೆ ಏನು ಮಾಡಿಯಾರು? ಹೋಗಲು ಬೇರೆ ಜಾಗವೇ ಇರಲಿಲ್ಲ.

ಬೀರವ್ವ ಅಲ್ಲಿ ಗೇಟಿನಲ್ಲಿ ಚೀಟಿ ಹರಿಯುವವಳು. ತೊಂಬತ್ನಾಲ್ಕರಲ್ಲಿ ಪಾರ್ಕು ತೆರೆದಾಗಿನಿಂದ ಏಳು ವರ್ಷ ಅದೇ ಸ್ಟೂಲಿನ ಮೇಲೆ ಕೂತಿದ್ದಳು. ಕುಣಿಯುತ್ತ ಒಳಗೆ ಹೋದ ಮಕ್ಕಳು ಮುಖ ಸಣ್ಣದು ಮಾಡಿಕೊಂಡು ಹೊರಗೆ ಬರುವುದನ್ನು ನೋಡುವುದೂ ಅವಳ ಕೆಲಸವೇ ಆಗಿತ್ತು. ಹೆತ್ತವರು ಬಯ್ದರೆ ಅವಳನ್ನೇ ಬಯ್ಯುತ್ತಿದ್ದರು. ಮಾಲೀಕರಾದ ಮುರುಗೆಪ್ಪನವರು ಅರಳೆ ವ್ಯಾಪಾರಸ್ಥರು. ವಾರಕ್ಕೊಮ್ಮೆ ಬಂದು ಹೋಗುವವರು, ಯಾರ ಕೈಗೆ ಸಿಕ್ಕಾರು?

“ಸಾವಕಾರ್ರ, ದೋಣಿ ರಿಪೇರಿ ಮಾಡಸ್ರಿ. ಹುಡುಗೂರು ಅಳಕೋತ ಹೊಕ್ಕಾವ,” ಎಂದು ಅವಳು ಕೇಳಿದಾಗಲೆಲ್ಲ ಅವರು ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ನಗುತ್ತಿದ್ದರು.

“ಅಳ್ಳಿ ಬಿಡು. ಅತ್ತು ಎಲ್ಲಿ ಹೊಕ್ಕಾವ? ಮುಂದಿನ ವಾರ ಇಲ್ಲೇ ಬರಬೇಕು. ಬೋರ್ಡ್ ಓದೀಯಿಲ್ಲೋ?”

ಗೇಟಿನ ಮೇಲಿನ ಬೋರ್ಡಿನಲ್ಲಿ ‘ಅವಳಿ ನಗರದ ಏಕೈಕ ಮನರಂಜನಾ ಉದ್ಯಾನ’ ಎಂದಿತ್ತು. ಬೀರವ್ವ ಅದನ್ನು ಎಷ್ಟೋ ಸಲ ಕೂಡಿಸಿ ಕೂಡಿಸಿ ಓದಿದ್ದಳು. ‘ಏಕೈಕ’ ಎಂದರೆ ಸರಕಾರದವರು ಮೆಚ್ಚಿ ಕೊಟ್ಟ ಯಾವುದೋ ದೊಡ್ಡ ಬಿರುದು ಎಂದು ಅವಳ ತಿಳಿವಳಿಕೆ. ಯಾರಾದರೂ ಜಗಳಕ್ಕೆ ಬಂದರೆ, “ಸಾದಾ ಅಲ್ಲರಿ, ನಮ್ಮದು ಏಕೈಕ ಪಾರ್ಕು,” ಎಂದು ಸೆರಗು ಸರಿಮಾಡಿಕೊಂಡು ಹೇಳುತ್ತಿದ್ದಳು. ಕೇಳಿದವರು ಯಾಕೋ ಇನ್ನಷ್ಟು ಸಿಟ್ಟಾಗಿ ಹೋಗುತ್ತಿದ್ದರು.

ಪಾರ್ಕಿನಲ್ಲಿ ವರ್ಷವರ್ಷವೂ ಹೊಸದಾಗುತ್ತಿದ್ದದ್ದು ಆ ಬೋರ್ಡ್ ಒಂದೇ. ಆ ಸಲ ದಸರೆಯ ಮುಂದೆ ಪೇಂಟರ್ ದತ್ತು ಏಣಿ ಹತ್ತಿ ಅಕ್ಷರ ತಿದ್ದುತ್ತಿದ್ದಾಗ ಬೀರವ್ವ ಕೆಳಗಿನಿಂದ ಕೇಳಿದಳು.

“ದತ್ತು, ಈ ಏಕೈಕ ಅನ್ನೂದನ್ನ ನಮಗ ಯಾರು ಕೊಟ್ಟಾರೋ?”

ದತ್ತು ನಕ್ಕ ನಗೆಗೆ ಏಣಿ ಅಲುಗಾಡಿತು. “ಅದನ್ನ ಯಾರು ಕೊಡ್ತಾರಬೇ! ಏಕೈಕ ಅಂದ್ರ ಒಂದ. ಮತ್ತೊಂದು ಇಲ್ಲ ಅಂತ.”

“ಛಲೋ ಐತಿ ಅಂತ ಅಲ್ಲ?”

“ಛಲೋ ಅನ್ನೂದು ಅದರಾಗ ಎಲ್ಲಿ ಬಂತು? ಒಕ್ಕಣ್ಣಗ ಕಣ್ಣೂ ಏಕೈಕನ.”

ಬೀರವ್ವನ ಕಿವಿ ಕಾದವು. ಏಳು ವರ್ಷ ತಾನು ಮಂದಿಗೆ ಹೇಳುತ್ತ ಬಂದದ್ದು ಏನು? ‘ನಿಮಗೆ ಬೇರೆ ಗತಿ ಇಲ್ಲ’ ಎಂದೇ ಅಲ್ಲವೆ? ಅದೂ ಸೆರಗು ಸರಿಮಾಡಿಕೊಂಡು! ಚೀಟಿಯ ಕಟ್ಟನ್ನು ಸ್ಟೂಲಿನ ಮೇಲಿಟ್ಟು ಹೊರಗೆ ನಡೆದವಳು ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ.

ಗೇಟಿನ ಎದುರಿಗೇ ಗುಲ್ಜಾರಬಿಯ ಚಹಾದಂಗಡಿ. ಅವಳ ಗಂಡ ಕಮರುದ್ದೀನ ಚಕ್ಕಡಿ ಗಾಲಿ ಮಾಡುವ ಬಡಿಗ. ಟ್ರ್ಯಾಕ್ಟರು ಬಂದ ಮೇಲೆ ಕೈ ಖಾಲಿಯಾಗಿ ಕೂತಿದ್ದ. ಅಂಗಡಿಯ ಪಕ್ಕದ ಬಯಲು ಅವರದೇ. ಬೀರವ್ವ ತನ್ನ ಎರಡು ಆಡು ಮಾರಿದಳು. ಅವು ಬಿಟ್ಟರೆ ಅವಳ ಹತ್ತಿರ ಬೇರೇನೂ ಇರಲಿಲ್ಲ. ಆ ದುಡ್ಡಿನಲ್ಲಿ ಕಮರುದ್ದೀನ ಜಾಲಿ ಕಟ್ಟಿಗೆ ತಂದು ಕೆತ್ತಿ, ನಾಲ್ಕು ಜನ ಕೂಡ್ರುವ ನಾಲ್ಕು ಪೆಟ್ಟಿಗೆ ಕಟ್ಟಿ, ಜಾತ್ರೆಯಲ್ಲಿರುವಂಥ, ಕೈಯಿಂದ ಮೇಲೆ ಕೆಳಗೆ ತಿರುಗಿಸುವ ಒಂದು ತೊಟ್ಟಿಲು ನಿಲ್ಲಿಸಿದ. ದಿನಾ ಮುಂಜಾನೆ ಬೀರವ್ವ ಅದರ ಅಚ್ಚಿಗೆ ಕೀಲೆಣ್ಣೆ ಹಚ್ಚಿ, ಬೆಣೆಗಳನ್ನು ಒಂದೊಂದಾಗಿ ಬಡಿದು ನೋಡಿ, ಮೊದಲ ಸುತ್ತು ತಾನೇ ಕೂತು ತಿರುಗಿದ ಮೇಲೆಯೇ ಮಕ್ಕಳನ್ನು ಹತ್ತಿಸುತ್ತಿದ್ದಳು.

ಮೂರನೆಯ ರವಿವಾರದ ಹೊತ್ತಿಗೆ ಪಾರ್ಕಿನದಕ್ಕಿಂತ ಉದ್ದದ ಸಾಲು ಬಯಲಿನಲ್ಲಿತ್ತು. ಮುರುಗೆಪ್ಪನವರು ಕಾರಿನಿಂದಿಳಿದು ಬಂದರು.

“ಬೀರವ್ವ, ತಗಿ ಇದನ್ನ. ನನ್ನ ಬೋರ್ಡ್ ಸುಳ್ಳಾಗಾಕತ್ತೈತಿ.”

“ಬೋರ್ಡ್ ಅಳಸ್ರಿ ಸಾವಕಾರ್ರ. ದತ್ತುನ ಕರಸಲೇನು?”

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಮುರುಗೆಪ್ಪನವರ ದನಿ ಇಳಿಯಿತು. “ಹಟಾ ಬ್ಯಾಡ. ಒಳಗ ಜಗಾ ಕೊಡ್ತೇನಿ, ಅಲ್ಲೇ ನಿಲ್ಲಸು. ಪಗಾರ ಹೆಚ್ಚು ಮಾಡ್ತೇನಿ.”

“ಒಳಗ ಬಂದ್ರ ಮತ್ತ ಒಂದ ಆಗತೈತ್ರಿ. ನಂದು ಎರಡನೇದು ಆಗಿ ಇಲ್ಲೇ ಇರಲಿ.”

“ನಾ ಮನಸು ಮಾಡಿದ್ರ ನಿನ್ನ ತೊಟ್ಲಕ್ಕ ಒಂದು ಕೂಸೂ ಹತ್ತೂದಿಲ್ಲ, ತಿಳೀತೇನು?”

“ಮೂರು ವರ್ಷದಿಂದ ಅದನ್ನ ಕೇಳಾಕತ್ತೇನ್ರಿ. ಮನಸು ಮಾಡ್ರಿ.”

ಅವರು ಮನಸ್ಸು ಮಾಡಿಯೇಬಿಟ್ಟರು. ಎರಡು ತಿಂಗಳಲ್ಲಿ ದೋಣಿ ತೂಗಿತು, ರೈಲು ಓಡಿತು, ನಾಯಿಮರಿಗಳು ಬೇರೆ ಮನೆ ನೋಡಿಕೊಂಡವು. ಪುಣೆಯಿಂದ ಲಾರಿಯಲ್ಲಿ ಮಕ್ಕಳನ್ನು ಕೂಡ್ರಿಸಿಕೊಂಡು ಗಿರಗಿರ ತಿರುಗುವ ದೊಡ್ಡ ಕಪ್ಪುಬಸಿಗಳು ಬಂದವು. ಜನವೆಲ್ಲ ಒಳಗೆ ಹೋಯಿತು. ಬೀರವ್ವನ ತೊಟ್ಟಿಲು ನಾಲ್ಕು ರವಿವಾರ ಖಾಲಿ ನಿಂತಿತು. ಆಡೂ ಇಲ್ಲ, ಪಗಾರವೂ ಇಲ್ಲ.

“ಬಿಚ್ಚೂಣೇನಬೇ?” ಕಮರುದ್ದೀನ ತಲೆ ತಗ್ಗಿಸಿ ಕೇಳಿದ. “ಸಾವಕಾರ್ರು ಗೆದ್ದರು.”

ಗೇಟಿನಿಂದ ಮಕ್ಕಳು ಹೊರಗೆ ಬರುತ್ತಿದ್ದರು. ಒಬ್ಬಳು ಕಪ್ಪುಬಸಿಯ ಹಾಗೆ ತಾನೇ ಗಿರಗಿರ ತಿರುಗಿ ಧೂಳಲ್ಲಿ ಬಿದ್ದು ನಗುತ್ತಿದ್ದಳು. ಬೀರವ್ವ ಅವಳನ್ನು ನೋಡುತ್ತ ಕೂತಳು.

“ಗೆಲ್ಲಲಿ. ಆದ್ರ ಇದನ್ನ ಬಿಚ್ಚಿದ ಮರುದಿನ ಆ ದೋಣಿ ಮತ್ತ ನಿಂದರತೈತಿ. ಖರೇನೋ ಸುಳ್ಳೋ?”

“ಖರೇ. ಖರೆ ಹೊಟ್ಟಿ ತುಂಬಸತೈತೇನು?” ಎಂದಳು ಗುಲ್ಜಾರಬಿ.

ಬೀರವ್ವ ಆಚೆ ನೋಡಿದಳು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಐದಾರು ಮುದುಕಿಯರು ಮೊಮ್ಮಕ್ಕಳ ಚಪ್ಪಲಿ, ಬುತ್ತಿ ಗಂಟು ಕಾಯುತ್ತ ಕೂತಿದ್ದರು. ಕಪ್ಪುಬಸಿಯ ಓಟಕ್ಕೆ ಅವರ ಎದೆ ತಡೆಯುತ್ತದೆಯೆ? ಅದು ತಿರುಗುವುದು ಮೋಟರಿನ ಮನಸ್ಸಿನ ಹಾಗೆ. ತನ್ನ ತೊಟ್ಟಿಲು ತಿರುಗುವುದು ತನ್ನ ಕೈಯ ಹಾಗೆ. ಅವಳು ದಡಕ್ಕನೆ ಎದ್ದು ಅವರ ಹತ್ತಿರ ಹೋದಳು.

“ಯಕ್ಕಾ, ಬರ್ರಿ, ಕೂಡ್ರಿ. ಸಾವಕಾಶ ತಿರಗಸ್ತೇನಿ. ಸಾಕು ಅಂದಲ್ಲಿ ನಿಲ್ಲಸ್ತೇನಿ.”

“ನಾನೇನು ಕೂಸೇನ, ತೊಟ್ಲದಾಗ ಹಾಕಾಕ?” ಎಂದಳು ಮುಗದದಿಂದ ಬಂದಿದ್ದ ಒಬ್ಬ ಮುದುಕಿ. ಎನ್ನುತ್ತಲೇ ಸೀರೆ ಕಚ್ಚೆ ಬಿಗಿದು ಹತ್ತಿದಳು. ಮೇಲೆ ಹೋದವಳು ಅಲ್ಲಿಂದಲೇ ಕೂಗಿದಳು: “ಏ ಇವಳ, ನಿಲ್ಲಸು! ಕೆಳಗಲ್ಲ, ಇಲ್ಲೇ ಮ್ಯಾಲ ನಿಲ್ಲಸು! ಉಣಕಲ್ ಕೆರಿ ಕಾಣಾಕತ್ತೈತಿ!”

ಕಟ್ಟೆಯ ಮೇಲಿದ್ದವರೆಲ್ಲ ಚಪ್ಪಲಿ, ಗಂಟು ಅಲ್ಲೇ ಬಿಟ್ಟು ಎದ್ದು ಬಂದರು.

ಗೇಟಿನೊಳಗೆ ಮುರುಗೆಪ್ಪನವರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದರು. ಕಮರುದ್ದೀನ ಪಿಸುಗುಟ್ಟಿದ: “ನೋಡಾಕತ್ತಾರ. ಬರೂ ತಿಂಗಳಿಗೆ ಮುದುಕೂರಿಗೂ ಒಂದು ತರಸ್ತಾರ ಅವರು.”

“ತರಸ್ಲಿ,” ಎಂದಳು ಬೀರವ್ವ, ಎರಡೂ ಕೈಯಿಂದ ಪೆಟ್ಟಿಗೆಯನ್ನು ಮೆಲ್ಲಗೆ ಮೇಲಕ್ಕೆ ನೂಕುತ್ತ. “ನೀ ಮತ್ತೊಂದು ತೊಟ್ಲಕ್ಕ ಕಟಗಿ ನೋಡು.”