ಭಾವನ ಕೆಂಪು ಚುಕ್ಕೆಗಳು

ಬಡಾವಣೆಯ ಕಲಾ ಉತ್ಸವಕ್ಕೆ ಇನ್ನೇನು ಜನ ಬರಬೇಕು, ಅಷ್ಟರಲ್ಲಿ ಡ್ರಾಯಿಂಗ್ ಟೀಚರ್ ಸಭಾಂಗಣದ ಗೋಡೆ ನೋಡಿ ಎದೆ ಹಿಡಿದುಕೊಂಡಳು. ಮಕ್ಕಳು ಬಿಡಿಸಿದ ಅಷ್ಟೂ ಚಿತ್ರಗಳ ಚೌಕಟ್ಟಿನ ಮೂಲೆಯಲ್ಲಿ ಕೆಂಪು ಸ್ಟಿಕ್ಕರ್ ಕೂತಿತ್ತು.

ಈ ಉತ್ಸವದಲ್ಲಿ ಕೆಂಪು ಚುಕ್ಕೆಗೆ ಒಂದೇ ಅರ್ಥ, ಚಿತ್ರ ಮಾರಾಟವಾಗಿದೆ ಅಂತ. ಬಂದ ದುಡ್ಡಿನಲ್ಲೇ ಭಾನುವಾರದ ಚಿತ್ರಕಲೆ ತರಗತಿಗೆ ವರ್ಷವಿಡೀ ಬಣ್ಣ, ಕಾಗದ, ಕೋಣೆಯ ಬಾಡಿಗೆ. ಈ ಸಲ ವ್ಯಾಪಾರ ಕೈಕೊಟ್ಟರೆ ಕೋಣೆಯನ್ನು ಸಿಮೆಂಟ್ ಮೂಟೆ ಇಡಲು ಕೊಡುತ್ತೇನೆಂದು ಮಾಲೀಕರು ಹೇಳಿಯಾಗಿತ್ತು.

ಏಣಿಯ ಮೇಲೆ ಅವಳ ಅಕ್ಕನ ಗಂಡ ಕೊನೆಯ ಮೊಳೆಯನ್ನು ಇನ್ನೊಮ್ಮೆ ಅಲ್ಲಾಡಿಸಿ ನೋಡುತ್ತಿದ್ದ. ಮನೆಗಳಿಗೆ ಪೇಂಟ್ ಬಳಿಯುವುದು ಅವನ ಕಸುಬು.

“ಭಾವ, ಈ ಚುಕ್ಕೆ ಯಾರು ಅಂಟಿಸಿದ್ದು?”

“ಇನ್ಯಾರು, ನಾನೇ. ಮೊಳೆ ಎಳೆದು ನೋಡಿದೆ, ಗಟ್ಟಿಯಿದ್ರೆ ಒಂದು ಚುಕ್ಕೆ. ಮುಗಿದ ಗೋಡೆಗೆ ನಾವು ಗುರುತು ಹಾಕಲ್ವಾ, ಹಾಗೆ. ಇಲ್ಲಾಂದ್ರೆ ಬಳಿದದ್ದಕ್ಕೇ ಮತ್ತೆ ಬಳೀತಾರೆ.”

“ಅಯ್ಯೋ ಭಾವ, ಅದು ಮಾರಾಟ ಆಯ್ತು ಅನ್ನೋ ಗುರುತು.”

ಭಾವ ಗೋಡೆಯುದ್ದಕ್ಕೂ ಕಣ್ಣಾಡಿಸಿದ. “ಹಾಗಾದ್ರೆ ವ್ಯಾಪಾರ ಭರ್ಜರಿಯಾಯ್ತು ಬಿಡು ಟೀಚರಮ್ಮ. ನಿಮ್ಮಕ್ಕನಿಗೆ ಹೇಳು, ನನ್ನ ಕೈಗುಣ ಅಂತ.”

ಕೀಳಲು ಪುರುಸೊತ್ತು ಸಿಗಲಿಲ್ಲ. ಬಟ್ಟೆ ಅಂಗಡಿ ಯಜಮಾನರು ಬಂದೇಬಿಟ್ಟರು. ಬೆನ್ನ ಹಿಂದೆ ಕೈಕಟ್ಟಿ ಒಂದು ಸುತ್ತು ಹಾಕಿ, “ಮಕ್ಕಳು ಚೆನ್ನಾಗಿ ಗೀಚಿದಾರೆ” ಎಂದು ಪ್ರತಿವರ್ಷ ಬರಿಗೈಲಿ ಹೋಗುವವರು ಈ ಸಲ ಅರ್ಧ ಸುತ್ತಿಗೇ ನಿಂತರು.

“ಏನಮ್ಮಾ, ನಾವು ಬರೋ ಮೊದಲೇ ಎಲ್ಲಾ ಖಾಲಿನಾ? ಈ ಮೂರು ಕಾಲಿನ ನಾಯಿ ಯಾರ ಪಾಲಾಯ್ತು?”

“ಸರ್, ಅದು...”

“ಹಲ್ಲಿನ ಡಾಕ್ಟರಿಗೆ ತಾನೇ? ನನಗೆ ಗೊತ್ತು.”

ಹಿಂದೆಯೇ ಬಂದ ಹಲ್ಲಿನ ಡಾಕ್ಟರು ಹುಬ್ಬು ಗಂಟಿಕ್ಕಿದರು. “ನಾನೆಲ್ಲಿ ತಗೊಂಡೆ? ನನ್ನ ಕ್ಲಿನಿಕ್ಕಿಗೆ ಇದೇ ಬೇಕಿತ್ತು. ಕಾಲು ಬಿಡಿ, ಹಲ್ಲು ನೋಡಿ, ಒಂದೂ ಬಿಟ್ಟಿಲ್ಲ ಹುಡುಗ.”

ಜನ ಗುಂಪುಗೂಡಿದರು. ಚಿತ್ರ ಇನ್ನೊಬ್ಬರ ಪಾಲಾಯಿತು ಎಂದ ಕೂಡಲೇ ಎಲ್ಲರಿಗೂ ಕಲೆಯ ಕಣ್ಣು ತೆರೆದಿತ್ತು. ಸೋಫಾದಂತೆ ಕಾಣುವ ಹಸುವಿಗೂ ಇಬ್ಬರು ಗಿರಾಕಿಗಳು ಹುಟ್ಟಿಕೊಂಡರು.

“ಬಾಯಿ ಮುಚ್ಕೊಂಡು ಬೆಲೆ ಏರಿಸು,” ಎಂದು ಭಾವ ಏಣಿ ಇಳಿದು ಬಂದು ಪಿಸುಗುಟ್ಟಿದ.

“ಕಂಡದ್ದನ್ನೇ ಬರೀರಿ ಅಂತ ಮಕ್ಕಳಿಗೆ ಹೇಳೋಳು ನಾನು. ಯಾವ ಮುಖ ಇಟ್ಕೊಂಡು ಸುಳ್ಳು ಹೇಳ್ಲಿ?”

ತರಗತಿ ಮುಳುಗಿತು ಎಂದುಕೊಳ್ಳುತ್ತಲೇ ಅವಳು ಏಣಿಯ ಎರಡು ಮೆಟ್ಟಿಲು ಹತ್ತಿದಳು. “ದಯವಿಟ್ಟು ಕೇಳಿ. ಒಂದು ಚಿತ್ರವೂ ಮಾರಾಟ ಆಗಿಲ್ಲ. ಚುಕ್ಕೆ ನಮ್ಮ ಭಾವನ ತಪ್ಪು. ಅಲ್ಲ, ನಂದೇ ತಪ್ಪು, ನಾನು ಹೇಳಿಕೊಡಬೇಕಿತ್ತು. ಈಗಲೇ ಕೀಳ್ತೀನಿ.”

ಅವಳು ಇಳಿದು ನಾಯಿಯ ಚುಕ್ಕೆಗೆ ಉಗುರು ಹಾಕಿದಳು. ಯಜಮಾನರು ಗಂಟಲು ಸರಿಮಾಡಿಕೊಂಡರು. ನಾಲ್ಕು ಜನರ ಮುಂದೆ ನಾಯಿಗಾಗಿ ಜಗಳವಾಡಿ, ಈಗ ನಾಯಿ ಬೇಡ ಎನ್ನುವುದು ಹೇಗೆ?

“ಇರಲಿ, ಕೀಳಬೇಡಮ್ಮ. ನಾನು ಕೇಳಿದ್ದೆನಲ್ಲ.”

“ನಾನೂ ಕೇಳಿದ್ದೆ,” ಎಂದರು ಡಾಕ್ಟರು.

ಕೊನೆಗೆ ನಾಯಿ ಕ್ಲಿನಿಕ್ಕಿಗೆ ಹೋಯಿತು, ಸೋಫಾ ಹಸು ಬಟ್ಟೆ ಅಂಗಡಿಗೆ. ಬಾಯಿಬಿಟ್ಟು ಕೇಳಿದವರ್ಯಾರೂ ಹಿಂದೆ ಸರಿಯುವಂತಿರಲಿಲ್ಲ. ಸಿಮೆಂಟ್ ಮೂಟೆಗಳು ಬೇರೆ ಜಾಗ ಹುಡುಕಿಕೊಳ್ಳಬೇಕಾಯಿತು.

ಎಲ್ಲರೂ ಹೋದ ಮೇಲೆ ಗೋಡೆಯಲ್ಲಿ ಒಂದೇ ಚಿತ್ರ ಉಳಿದಿತ್ತು. ಅಕ್ಕನ ಮಗಳು ಬಿಡಿಸಿದ್ದು: ಏಣಿಗೆ ಒರಗಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿರುವ ಅವಳಪ್ಪ, ಹೊಟ್ಟೆಯ ಮೇಲೆ ಬ್ರಷ್ಷು. ಇದನ್ನು ಯಾರೂ ಕೇಳಿರಲಿಲ್ಲ. ಕೂಸಿಗೆ ಏನೆಂದು ಹೇಳುವುದೋ ಎಂದುಕೊಳ್ಳುತ್ತಾ ಟೀಚರ್ ಚುಕ್ಕೆ ಕೀಳಹೋದಳು. ಬೆರಳೆಲ್ಲ ಕೆಂಪಾಯಿತು.

“ಮುಟ್ಟಬೇಡ, ಇನ್ನೂ ಒಣಗಿಲ್ಲ,” ಎಂದ ಭಾವ ಏಣಿ ಮಡಚುತ್ತಾ. “ಅದು ಎನಾಮೆಲ್ ಪೇಂಟು. ಕೀಳ್ತೀನಿ ಅಂದ್ಯಲ್ಲ, ಆಗಲೇ ಸ್ಟಿಕ್ಕರ್ ತೆಗೆದು ಡಬ್ಬಿಯಿಂದ ಹಚ್ಚಿಬಿಟ್ಟೆ.”

“ಅಂದ್ರೆ ಇದು ಮೊಳೆ ಗುರುತಲ್ವಾ?”

“ಮಾರಾಟ ಆಗಿದೆ, ನನಗೇ. ನಿಮ್ಮಕ್ಕನಿಗೆ ಮಾತ್ರ ಬೆಲೆ ಹೇಳಬೇಡ.”